ಹೊಟ್ಟೆಯ ಮೂರನೆಯ ಪಾಲು: ಶಸ್ತ್ರವಿಲ್ಲದ ಬೊಜ್ಜು ಚಿಕಿತ್ಸೆಯ ಚರಿತ್ರೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಹಿರಿಯರಿಗೆ ಬೊಜ್ಜು ಒಂದು ಚಿಂತೆಯ ವಿಷಯವಾಗಿರಲಿಲ್ಲ. ಎರೆಹೊಲದಲ್ಲಿ ಹತ್ತಿ ಬಿಡಿಸುವವರಿಗೆ, ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಾಡಿಸುವವರಿಗೆ ಹೊಟ್ಟೆ ತುಂಬುವುದೇ ದೊಡ್ಡ ಮಾತಾಗಿತ್ತು. ಊರಿನಲ್ಲಿ ಒಬ್ಬಿಬ್ಬರಿಗೆ ಹೊಟ್ಟೆ ಬಂದಿದ್ದರೆ ಅದನ್ನು ಸಿರಿತನದ ಗುರುತೆಂದು ಜನ ಗೌರವದಿಂದಲೇ ನೋಡುತ್ತಿದ್ದರು.

ಇಂದು ಹಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅತಿತೂಕದ ಮಹಿಳೆಯರ ಪ್ರಮಾಣ 2015-16ರಲ್ಲಿ ಶೇ. 23ರಷ್ಟಿತ್ತು. 2019-21ರ ಹೊತ್ತಿಗೆ ಅದು ಶೇ. 30ಕ್ಕೆ ಏರಿತು. ಪುರುಷರ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ. ಇದರ ಜೊತೆಗೆ "ಆಪರೇಷನ್ ಇಲ್ಲದೆ ತೂಕ ಇಳಿಸುತ್ತೇವೆ" ಎಂಬ ಜಾಹೀರಾತುಗಳೂ ಬಂದಿವೆ. ಮದುವೆ ಗೊತ್ತಾದ ಹೆಣ್ಣುಮಗಳಿಗೆ ತಿಂಗಳೊಪ್ಪತ್ತಿನಲ್ಲಿ ತೆಳ್ಳಗಾಗುವ ಪುಡಿ, ವ್ಯಾಯಾಮಶಾಲೆಗೆ ಹೋಗುವ ಹುಡುಗನಿಗೆ ಕೊಬ್ಬು ಕರಗಿಸುವ ಗುಳಿಗೆ, ಹಣವುಳ್ಳವರಿಗೆ ಹೊಟ್ಟೆಯೊಳಗೆ ಬಲೂನು, ವಾರಕ್ಕೊಂದು ಚುಚ್ಚುಮದ್ದು. ಇವುಗಳಲ್ಲಿ ಯಾವುದು ವೈದ್ಯ, ಯಾವುದು ವ್ಯಾಪಾರ ಎಂದು ತಿಳಿಯದೆ ನಮ್ಮ ಕುಟುಂಬಗಳು ಗೊಂದಲಕ್ಕೆ ಬಿದ್ದಿವೆ. ಈ ಪ್ರಶ್ನೆಗೆ ಇತಿಹಾಸ ಏನು ಉತ್ತರ ಕೊಡುತ್ತದೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಪ್ರಾಚೀನರ ಮಾತು

ಕತ್ತಿ ಮುಟ್ಟದೆ ಬೊಜ್ಜು ಇಳಿಸುವ ವಿಚಾರ ಹೊಸದಲ್ಲ. ನಮ್ಮ ದೇಶದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ ಮತ್ತು ಅತಿಕೃಶ ದೇಹಗಳ ಬಗ್ಗೆಯೇ ವಿವರವಾಗಿ ಹೇಳುವ ಒಂದು ಅಧ್ಯಾಯವಿದೆ. ಎರಡರಲ್ಲಿ ಸ್ಥೂಲತೆಯೇ ಹೆಚ್ಚು ಕಷ್ಟದ್ದು ಎಂದು ಚರಕ ಹೇಳುತ್ತಾನೆ. ಅದಕ್ಕೆ ಅವನು ಸೂಚಿಸುವ ಉಪಾಯ ಸರಳ: ಹೊಟ್ಟೆಗೆ ಭಾರವಾಗಿರಬೇಕು, ಆದರೆ ಮೈಗೆ ಹೆಚ್ಚು ಪುಷ್ಟಿ ಕೊಡಬಾರದು, ಅಂಥ ಆಹಾರ ಕೊಡಬೇಕು. ಜವೆ, ಹೆಸರು, ಹುರುಳಿಗಳನ್ನು ಅವನು ಹೆಸರಿಸುತ್ತಾನೆ. ಜೊತೆಗೆ ವ್ಯಾಯಾಮ ಮತ್ತು ನಿದ್ರೆಯಲ್ಲಿ ಮಿತಿ.

ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಬಾಳಿದ ಇಬ್ನ್ ಸೀನಾ (ಕ್ರಿ.ಶ. 980-1037) ತನ್ನ 'ಅಲ್ ಖಾನೂನ್' ಎಂಬ ಮಹಾಗ್ರಂಥದಲ್ಲಿ ದಪ್ಪಗಿರುವವರನ್ನು ತೆಳ್ಳಗೆ ಮಾಡುವ ಕ್ರಮವನ್ನು ಹೇಳಿದ್ದಾನೆ. ಗಾತ್ರದಲ್ಲಿ ದೊಡ್ಡದಾಗಿದ್ದು ಪೋಷಣೆಯಲ್ಲಿ ಕಡಿಮೆಯಿರುವ ಆಹಾರ ಕೊಡಬೇಕು, ಅದು ಕರುಳಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬೇಗ ಸಾಗಬೇಕು, ಊಟಕ್ಕೆ ಮುಂಚೆ ಸ್ನಾನ ಮಾಡಿಸಬೇಕು, ಬಿರುಸಾದ ವ್ಯಾಯಾಮ ಇರಬೇಕು ಎಂಬುದು ಅವನ ಸಲಹೆ. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲದ ಇಬ್ಬರು ವೈದ್ಯರು ಹೇಳಿದ ಮಾತು ಹೆಚ್ಚು ಕಡಿಮೆ ಒಂದೇ ಆಗಿರುವುದು ಗಮನಾರ್ಹ.

ಇನ್ನೊಂದು ವಿಷಯದಲ್ಲಿಯೂ ಇಂಥ ಹೋಲಿಕೆಯಿದೆ. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಆಹಾರಕ್ಕೆ, ಒಂದನ್ನು ನೀರಿಗೆ, ಒಂದನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆ ತಿರ್ಮಿದಿ ಹದೀಸ್ ಸಂಗ್ರಹದಲ್ಲಿದೆ. ಚರಕನೂ ವಿಮಾನಸ್ಥಾನದಲ್ಲಿ ಹೊಟ್ಟೆಯನ್ನು ಮೂರು ಪಾಲು ಮಾಡುತ್ತಾನೆ: ಗಟ್ಟಿ ಆಹಾರಕ್ಕೆ ಒಂದು, ದ್ರವಕ್ಕೆ ಒಂದು, ವಾತ ಪಿತ್ತ ಕಫಗಳ ಸಂಚಾರಕ್ಕೆ ಒಂದು. ಖಾಲಿ ಬಿಡಬೇಕಾದ ಈ ಮೂರನೆಯ ಪಾಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಎಲ್ಲ ಚಿಕಿತ್ಸೆಗಳ ಕಥೆಯೂ ಒಂದಲ್ಲ ಒಂದು ರೀತಿಯಲ್ಲಿ ಈ ಪಾಲಿನ ಸುತ್ತಲೇ ಸುತ್ತುತ್ತದೆ.

ಕಾರ್ಡೋಬಾಕ್ಕೆ ಬಂದ ದಪ್ಪ ಅರಸ

ವೈದ್ಯರ ಕೈಯಲ್ಲಿ ತೂಕ ಇಳಿಸಿಕೊಂಡವರಲ್ಲಿ ಇತಿಹಾಸ ಪ್ರಸಿದ್ಧನಾದವನು ಸ್ಪೇನಿನ ಲಿಯೋನ್ ರಾಜ್ಯದ ಅರಸ ಒಂದನೆಯ ಸಾಂಚೋ. 'ದಪ್ಪ ಸಾಂಚೋ' ಎಂದೇ ಅವನಿಗೆ ಹೆಸರು. ಕುದುರೆ ಏರಲಾರದಷ್ಟು ಅವನ ಮೈ ಬೆಳೆದಿತ್ತೆಂದು ಹೇಳುತ್ತಾರೆ. ಆ ಕಾಲದಲ್ಲಿ ಕುದುರೆ ಏರಲಾರದ ಅರಸ ಆಳಲು ಯೋಗ್ಯನಲ್ಲ. ಕ್ರಿ.ಶ. 958ರಲ್ಲಿ ಸರದಾರರು ಅವನನ್ನು ಪಟ್ಟದಿಂದ ಇಳಿಸಿದರು.

ಆಗ ಅವನ ಅಜ್ಜಿ, ನವಾರ್ ರಾಜ್ಯದ ರಾಣಿ ತೋಡಾ, ನೆರವು ಬೇಡಿದ್ದು ಕಾರ್ಡೋಬಾದ ಖಲೀಫ ಮೂರನೆಯ ಅಬ್ದುರ್ರಹಮಾನರನ್ನು. ಖಲೀಫರು ತಮ್ಮ ಆಸ್ಥಾನದ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್‌ನನ್ನು ಕಳುಹಿಸಿದರು. ಈತ ಯಹೂದಿ ವಿದ್ವಾಂಸ, ಗ್ರೀಕ್ ವೈದ್ಯ ಡಯೋಸ್ಕೊರಿಡೀಸನ ಔಷಧಗ್ರಂಥವನ್ನು ಅರಬಿಗೆ ತರುವ ಕೆಲಸದಲ್ಲಿ ಪಾಲ್ಗೊಂಡವನು. ಕ್ರೈಸ್ತ ಅರಸನಿಗೆ ಮುಸ್ಲಿಂ ಖಲೀಫರ ನಗರದಲ್ಲಿ ಯಹೂದಿ ವೈದ್ಯನಿಂದ ಚಿಕಿತ್ಸೆ ನಡೆಯಿತು. ವಿದ್ಯೆಗೆ ಜಾತಿ ಮತಗಳ ಗೋಡೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಸಾಂಚೋನ ತುಟಿ ಹೊಲಿದು, ಕೊಳವೆಯ ಮೂಲಕ ಕಷಾಯವನ್ನಷ್ಟೇ ಕುಡಿಸಿದರೆಂಬ ದಂತಕಥೆಗಳಿವೆ. ಚರಿತ್ರೆಗೆ ಖಚಿತವಾಗಿರುವುದು ಇಷ್ಟು: ಅವನು ತೆಳ್ಳಗಾದ, ಕಾರ್ಡೋಬಾದ ಸೈನ್ಯದ ಬೆಂಬಲದಿಂದ ಸುಮಾರು 960ರಲ್ಲಿ ತನ್ನ ಪಟ್ಟವನ್ನು ಮರಳಿ ಪಡೆದ. ಒಂದು ಅರಮನೆಯ ಸಂಪತ್ತು, ಆ ಕಾಲದ ಶ್ರೇಷ್ಠ ವೈದ್ಯ, ತಿಂಗಳುಗಟ್ಟಲೆ ಕಾವಲು ಇವೆಲ್ಲ ಸೇರಿ ಒಬ್ಬನ ತೂಕ ಇಳಿಯಿತು. ತಿಂಗಳೊಪ್ಪತ್ತಿನಲ್ಲಿ ಎನ್ನುವ ಇಂದಿನ ಜಾಹೀರಾತುಗಳನ್ನು ಓದುವಾಗ ಇದನ್ನು ನೆನೆಯಬೇಕು.

ನಮ್ಮ ನಾಡಿನಲ್ಲಿ

ಅರಬ್ ನಾಡಿನ ಈ ವೈದ್ಯ ಪರಂಪರೆ ಯುನಾನಿ ಎಂಬ ಹೆಸರಿನಲ್ಲಿ ದಖ್ಖನಿಗೂ ಬಂದಿತು. ಬೈಲಹೊಂಗಲ ತಾಲೂಕಿನ ಸಂಪಗಾವಿ, ರಾಮದುರ್ಗದ ಬಳಿಯ ತೊರಗಲ್ಲು ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಗಳ ಆಡಳಿತದಲ್ಲಿದ್ದವು. ಅದೇ ಬಿಜಾಪುರಕ್ಕೆ 1589ರಲ್ಲಿ ಬಂದು ನೆಲೆಸಿದ ಮುಹಮ್ಮದ್ ಖಾಸಿಂ ಫರಿಶ್ತಾ ನಮಗೆಲ್ಲ ಇತಿಹಾಸಕಾರನೆಂದು ಪರಿಚಿತ. ಆದರೆ ಆತ 'ದಸ್ತೂರುಲ್ ಅತಿಬ್ಬಾ' ಎಂಬ ವೈದ್ಯಗ್ರಂಥವನ್ನೂ ಬರೆದಿದ್ದಾನೆಂಬುದು ಅನೇಕರಿಗೆ ತಿಳಿದಿಲ್ಲ. ಭಾರತೀಯ ವೈದ್ಯರ ಜ್ಞಾನವನ್ನು ಪಾರಸಿ ಓದುಗರಿಗೆ ತಲುಪಿಸಿದ ಗ್ರಂಥವದು. ಚರಕನ ಪರಂಪರೆಯೂ ಇಬ್ನ್ ಸೀನಾನ ಪರಂಪರೆಯೂ ಹೀಗೆ ನಮ್ಮ ನೆಲದಲ್ಲಿಯೇ ಕೈಕುಲುಕಿದವು.

ಯುನಾನಿಯಲ್ಲಿ ಬೊಜ್ಜಿಗೆ 'ಸಿಮನೆ ಮುಫ್ರಿತ್' ಎನ್ನುತ್ತಾರೆ. ಔಷಧಕ್ಕಿಂತ ಮೊದಲು ದಿನಚರಿಯ ಮೂಲಕ ಗುಣಪಡಿಸುವ 'ಇಲಾಜ್ ಬಿತ್ ತದ್ಬೀರ್' ಎಂಬ ವಿಭಾಗ ಅದರಲ್ಲಿದೆ. ದಲಕ್ ಎಂದರೆ ಅಂಗಮರ್ದನ, ರಿಯಾಜತ್ ಎಂದರೆ ವ್ಯಾಯಾಮ, ಹಮಾಮ್ ಎಂದರೆ ಬಿಸಿ ಸ್ನಾನಗೃಹ. ಬೀದರ ಕೋಟೆಯೊಳಗಿನ ಶಾಹಿ ಹಮಾಮ್ ಇಂದಿಗೂ ನಿಂತಿದೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಈ ಪದ್ಧತಿಯ ಉನ್ನತ ಶಿಕ್ಷಣ ನಡೆಯುತ್ತಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಬೆಯ ಸ್ನಾನದಿಂದ ಹೊರಬಂದ ಕೂಡಲೇ ತಕ್ಕಡಿಯಲ್ಲಿ ತೂಕ ಕಡಿಮೆ ಕಾಣುತ್ತದೆ. ಆದರೆ ಹೋದದ್ದು ಬೆವರಿನ ನೀರು, ಕೊಬ್ಬಲ್ಲ. ಎರಡು ತಂಬಿಗೆ ನೀರು ಕುಡಿದರೆ ಅದು ಮರಳುತ್ತದೆ. ಹಳೆಯ ವೈದ್ಯರು ಸ್ನಾನವನ್ನು ಆಹಾರ ನಿಯಮ ಮತ್ತು ವ್ಯಾಯಾಮದ ಜೊತೆಗೆ ಹೇಳಿದರೇ ಹೊರತು ಅದೊಂದನ್ನೇ ಹೇಳಲಿಲ್ಲ.

ಗುಳಿಗೆಯ ದುರಂತ

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯ ವಿಲಿಯಂ ಬ್ಯಾಂಟಿಂಗ್ ಎಂಬವರು ವೈದ್ಯರೊಬ್ಬರ ಸಲಹೆಯಂತೆ ಸಕ್ಕರೆ, ಹಿಟ್ಟಿನ ಪದಾರ್ಥ ಬಿಟ್ಟು ತೂಕ ಇಳಿಸಿಕೊಂಡು 1863ರಲ್ಲಿ ಒಂದು ಕಿರುಪುಸ್ತಕ ಬರೆದರು. ಅಲ್ಲಿಯವರೆಗೆ ಕಥೆ ಆಹಾರದ ಸುತ್ತಲೇ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನಿಗೆ ಅವಸರ ಹೆಚ್ಚಾಯಿತು.

1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಟಿಂಗ್ ಮತ್ತು ಟೇಂಟರ್ ಎಂಬ ವಿಜ್ಞಾನಿಗಳು ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ತೂಕ ಇಳಿಸುತ್ತದೆಂದು ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡು ತಯಾರಿಕೆಗೆ ಬಳಸಿದ ವಸ್ತುವದು. ಅದು ದೇಹದ ಶಕ್ತಿಯನ್ನು ಬರಿಯ ಶಾಖವಾಗಿ ಸುಟ್ಟುಬಿಡುತ್ತದೆ. ಲಕ್ಷಾಂತರ ಜನ ನುಂಗಿದರು, ತೆಳ್ಳಗೂ ಆದರು. ಆದರೆ ಕೆಲವರಿಗೆ ಮೈಬಿಸಿ ಏರಿ ಸಾವು ಬಂದಿತು, ಎಳೆ ವಯಸ್ಸಿನ ಮಹಿಳೆಯರ ಕಣ್ಣಿಗೆ ಪೊರೆ ಬಂದಿತು. 1938ರ ಅಮೆರಿಕದ ಔಷಧ ಕಾನೂನಿನೊಂದಿಗೆ ಅದರ ಬಳಕೆ ನಿಂತಿತು. ಆದರೂ ಅಂತರ್ಜಾಲದಲ್ಲಿ ಕದ್ದು ಮಾರಾಟವಾಗುತ್ತಲೇ ಬಂದದ್ದರಿಂದ ಬ್ರಿಟನ್ 2023ರಲ್ಲಿ ಅದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಬೇಕಾಯಿತು.

ಇದೊಂದೇ ಅಲ್ಲ. ಫೆನ್‌ಫ್ಲುರಮೀನ್ ಗುಳಿಗೆಯಿಂದ ಹೃದಯದ ಕವಾಟ ಕೆಡುತ್ತದೆಂದು ತಿಳಿದು 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂದಕ್ಕೆ ಪಡೆದರು. ಹೃದಯಾಘಾತದ ಭಯದಿಂದ ಸಿಬುಟ್ರಮೀನ್ ಔಷಧವನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿತು. ಹೀಗಿರುವಾಗ ಹೆಸರಿಲ್ಲದ, ಮೇಲೆ ಏನಿದೆಯೆಂದು ಬರೆಯದ ಪುಡಿಯನ್ನು ಮಗಳಿಗೆ ಕೊಡುವ ತಂದೆತಾಯಿಗಳು ಎರಡು ಸಲ ಯೋಚಿಸಬೇಕು.

ಬಾಯಿ ಕಟ್ಟುವ ಪ್ರಯೋಗವೂ ನಡೆಯಿತು. 1970ರ ದಶಕದಲ್ಲಿ ದವಡೆಗಳಿಗೆ ತಂತಿ ಬಿಗಿದು ದ್ರವಾಹಾರ ಮಾತ್ರ ಕೊಡುತ್ತಿದ್ದರು. ತಂತಿ ಬಿಚ್ಚಿದ ಮೇಲೆ ತೂಕ ಮರಳುತ್ತಿತ್ತು. 2021ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಅಯಸ್ಕಾಂತದಿಂದ ಹಲ್ಲು ಕಚ್ಚಿಸುವ ಸಾಧನ ಮಾಡಿದಾಗ ಜಗತ್ತಿನಾದ್ಯಂತ ಟೀಕೆ ಬಂದಿತು. ಸಾಂಚೋನ ತುಟಿ ಹೊಲಿದ ದಂತಕಥೆಗೆ ಹೀಗೆ ಸಾವಿರ ವರ್ಷದ ನಂತರವೂ ಅನುಯಾಯಿಗಳು ಹುಟ್ಟಿದರು.

ಪಾದ್‌ಜಹರಿನಿಂದ ಬಲೂನಿಗೆ

ಇನ್ನು ಇಂದಿನ ಬಲೂನಿನ ಕಥೆ. ಇದರ ಬೇರು ಒಂದು ಪಾರಸಿ ಶಬ್ದದಲ್ಲಿದೆ. ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಗಟ್ಟಿ ಉಂಡೆಯನ್ನು ಹಿಂದಿನವರು ವಿಷಹಾರಿ ಎಂದು ನಂಬಿ 'ಪಾದ್‌ಜಹರ್' ಎಂದರು. ರಾಜರು ಅದಕ್ಕೆ ಚಿನ್ನದ ಬೆಲೆ ಕೊಡುತ್ತಿದ್ದರು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಪುಸ್ತಕದಲ್ಲಿ ಅದರ ಬಗ್ಗೆ ಬರೆದಿದ್ದಾನೆ. ಯುರೋಪಿನ ಬಾಯಿಯಲ್ಲಿ ಆ ಶಬ್ದ 'ಬೆಜೋರ್' ಆಯಿತು.

ಮನುಷ್ಯರ ಹೊಟ್ಟೆಯಲ್ಲಿಯೂ ನುಂಗಿದ ಕೂದಲು, ನಾರು ಸೇರಿ ಇಂಥ ಉಂಡೆ ಕಟ್ಟುವುದುಂಟು. ಅಂಥವರಿಗೆ ಸ್ವಲ್ಪ ತಿಂದರೆ ಹೊಟ್ಟೆ ತುಂಬಿದಂತಾಗಿ ತೂಕ ಇಳಿಯುತ್ತಿತ್ತು. ಇದನ್ನು ಗಮನಿಸಿದ ಡೆನ್ಮಾರ್ಕಿನ ನೀಬೆನ್ ಮತ್ತು ಹಾರ್ಬೊ ಎಂಬ ವೈದ್ಯರು 1982ರಲ್ಲಿ ಜಠರದೊಳಗೆ ಬಲೂನಿಟ್ಟು ಕೃತಕ ಬೆಜೋರ್ ಮಾಡುವ ಪ್ರಯೋಗವನ್ನು ಪ್ರಕಟಿಸಿದರು. ನಳಿಕೆಯನ್ನು ಬಾಯಿಯಿಂದ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಅಷ್ಟರಲ್ಲಿ ಬಳಕೆಗೆ ಬಂದಿತ್ತು.

ಇಲ್ಲಿಯೂ ಅವಸರ ಕೆಲಸ ಕೆಡಿಸಿತು. 1985ರಲ್ಲಿ ಅಮೆರಿಕ ಸರಕಾರ ಒಪ್ಪಿದ ಗ್ಯಾರೆನ್-ಎಡ್ವರ್ಡ್ಸ್ ಬಲೂನು ಗಾಳಿ ತುಂಬಿದ ಕೊಳವೆಯಾಕಾರದ್ದು. ಅದರ ಅಂಚುಗಳಿಂದ ಜಠರದಲ್ಲಿ ಹುಣ್ಣಾದವು. ಗಾಳಿ ಹೋದ ಬಲೂನು ಕರುಳಿಗೆ ಜಾರಿ ದಾರಿ ಕಟ್ಟಿತು. ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. ಆದರೆ ವೈದ್ಯರು ಕೈಚೆಲ್ಲಲಿಲ್ಲ. 1987ರಲ್ಲಿ ಫ್ಲೋರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ತಜ್ಞರು ಸಭೆ ಸೇರಿ ಬಲೂನು ಹೇಗಿರಬೇಕೆಂದು ನಿಯಮ ಮಾಡಿದರು: ನುಣುಪಾಗಿರಬೇಕು, ಬಾಳಿಕೆ ಬರಬೇಕು, ಗಾಳಿಯ ಬದಲು ದ್ರವ ತುಂಬಬೇಕು, ಎಕ್ಸ್‌ರೇಯಲ್ಲಿ ಕಾಣಬೇಕು. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವುದೇ ವಿಜ್ಞಾನ ಎಂಬ ಪಾಠವನ್ನು ವಿದ್ಯಾರ್ಥಿಗಳು ಇದರಿಂದ ಕಲಿಯಬೇಕು.

ಆ ನಿಯಮದಂತೆ ಬಂದ ಸಿಲಿಕಾನ್ ಬಲೂನಿನಲ್ಲಿ 400ರಿಂದ 700 ಮಿಲಿಲೀಟರ್ ಉಪ್ಪುನೀರು ತುಂಬುತ್ತಾರೆ. ಅದರಲ್ಲಿ ನೀಲಿ ಬಣ್ಣ ಬೆರೆಸುತ್ತಾರೆ. ಬಲೂನು ಸೋರಿದರೆ ಮೂತ್ರದ ಬಣ್ಣ ಬದಲಾಗಿ ರೋಗಿಗೆ ತಾನೇ ಗೊತ್ತಾಗುತ್ತದೆ. ಆರು ತಿಂಗಳಿಗೆ ಅದನ್ನು ತೆಗೆಯಬೇಕು. ಈಚೆಗೆ ಗುಳಿಗೆಯಂತೆ ನುಂಗುವ, ಸುಮಾರು ನಾಲ್ಕು ತಿಂಗಳಿಗೆ ತಾನೇ ಬರಿದಾಗಿ ಮಲದೊಂದಿಗೆ ಹೊರಹೋಗುವ ಬಲೂನೂ ಬಂದಿದೆ. ಊಟದ ಹೊತ್ತಿಗೆ ನಮ್ಮ ಜಠರ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ಅರ್ಧ ಲೀಟರಿನ ಬಲೂನು ತುಂಬುವುದು ಹೆಚ್ಚು ಕಡಿಮೆ ಅದರ ಮೂರನೆಯ ಒಂದು ಪಾಲನ್ನು. ನಾವು ಬಿಡಬೇಕಾಗಿದ್ದ ಪಾಲನ್ನು ಈಗ ಲಕ್ಷ ರೂಪಾಯಿ ದಾಟುವ ಬಲೂನು ಕಾಯುತ್ತಿದೆ.

ಬಲೂನಿನಿಂದ ಸರಾಸರಿ ದೇಹತೂಕದ ಶೇ. 10ರಷ್ಟು ಇಳಿಯಬಹುದು. ಮೊದಲ ಕೆಲವು ದಿನ ವಾಂತಿ, ಹೊಟ್ಟೆನೋವು ಸಾಮಾನ್ಯ. ಅಪರೂಪಕ್ಕೆ ಪ್ರಾಣಾಪಾಯವೂ ಉಂಟು. 2017ರಲ್ಲಿ ಅಮೆರಿಕದ ಔಷಧ ಇಲಾಖೆ ಐದು ಸಾವುಗಳ ಬಗ್ಗೆ ವೈದ್ಯರನ್ನು ಎಚ್ಚರಿಸಿತ್ತು. ತೆಗೆದ ಮೇಲೆ ಹಳೆಯ ಊಟಕ್ಕೆ ಮರಳಿದರೆ ತೂಕವೂ ಮರಳುತ್ತದೆ.

ಹೊಲಿಗೆ ಮತ್ತು ಚುಚ್ಚುಮದ್ದು

ಬಲೂನಿಗಿಂತ ಮುಂದಿನ ಹೆಜ್ಜೆ ಎಂಡೋಸ್ಕೋಪಿಯಿಂದಲೇ ಜಠರದ ಒಳಗೋಡೆಗೆ ಹೊಲಿಗೆ ಹಾಕಿ ಅದನ್ನು ಕಿರಿದಾದ ಚೀಲದಂತೆ ಮಾಡುವುದು. ಹೊಟ್ಟೆಯ ಮೇಲೆ ಗಾಯವಿಲ್ಲ, ಜಠರದ ಭಾಗವನ್ನು ಕತ್ತರಿಸುವುದೂ ಇಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಒಂದು ವರ್ಷದಲ್ಲಿ ಸರಾಸರಿ ಶೇ. 13.6 ತೂಕ ಇಳಿಯಿತು. ಬರಿಯ ಸಲಹೆ ಪಡೆದವರಲ್ಲಿ ಶೇ. 1 ಕೂಡ ಇಳಿಯಲಿಲ್ಲ. ಈ ಎರಡನೆಯ ಅಂಕಿ ಮುಖ್ಯವಾದದ್ದು. "ಬಾಯಿ ಕಟ್ಟಿದರೆ ಸಾಕು" ಎಂದು ಬೊಜ್ಜಿರುವವರನ್ನು ಹಂಗಿಸುವ ನಾವು, ದೇಹ ಕಳೆದುಕೊಂಡ ತೂಕವನ್ನು ಹಸಿವು ಹೆಚ್ಚಿಸಿ ಮರಳಿ ಗಳಿಸಲು ಹೋರಾಡುತ್ತದೆ ಎಂಬುದನ್ನು ತಿಳಿಯಬೇಕು. ಬೊಜ್ಜು ಸೋಮಾರಿತನದ ಹೆಸರಲ್ಲ, ಅದೊಂದು ಕಾಯಿಲೆ.

ಚುಚ್ಚುಮದ್ದುಗಳು ಕೆಲಸ ಮಾಡುವುದೂ ಈ ಹಸಿವಿನ ಮೇಲೆಯೇ. ಊಟವಾದಾಗ ಕರುಳು ಒಂದು ಹಾರ್ಮೋನನ್ನು ಸ್ರವಿಸಿ ಮಿದುಳಿಗೆ "ಸಾಕು" ಎಂದು ತಿಳಿಸುತ್ತದೆ. ಅದನ್ನು ಹೋಲುವ ಪದಾರ್ಥವೊಂದು ಅಮೆರಿಕದ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕಿತು. ಅದರಿಂದ 2005ರಲ್ಲಿ ಮಧುಮೇಹದ ಔಷಧ ಹುಟ್ಟಿತು. ಅದೇ ಬಗೆಯ ಸೆಮಾಗ್ಲುಟೈಡ್‌ಗೆ 2021ರಲ್ಲಿ ಅಮೆರಿಕದಲ್ಲಿ ಬೊಜ್ಜಿನ ಔಷಧವೆಂದು ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ಬೊಜ್ಜಿಗೆಂದೇ ಇರುವ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ಬಂದವು. ಸೆಮಾಗ್ಲುಟೈಡ್‌ನಿಂದ ಸುಮಾರು ಶೇ. 15 ತೂಕ ಇಳಿದದ್ದುಂಟು. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೆಯ ಎರಡು ಪಾಲು ಮರಳಿ ಬಂದಿತೆಂದು ಸಂಶೋಧನೆ ಹೇಳುತ್ತದೆ. ಗರ್ಭಿಣಿಯರಿಗೆ ಇದು ಸಲ್ಲದು. ವೈದ್ಯರ ಚೀಟಿಯಿಲ್ಲದೆ ಯಾರೂ ಮುಟ್ಟಬಾರದು.

ನಮ್ಮ ಮನೆಯ ಲೆಕ್ಕ

ನಮ್ಮ ಜನರ ವಿಷಯದಲ್ಲಿ ಇನ್ನೊಂದು ಮಾತಿದೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮನ್ನೂ ಒಬ್ಬ ಬ್ರಿಟಿಷ್ ವಿಜ್ಞಾನಿಯನ್ನೂ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಬ್ರಿಟಿಷ್ ವಿಜ್ಞಾನಿಯ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೆಳ್ಳಗೆ ಕಂಡರೂ ಭಾರತೀಯರ ಹೊಟ್ಟೆಯೊಳಗೆ ಕೊಬ್ಬು ಹೆಚ್ಚು. ಆದ್ದರಿಂದಲೇ ನಮಗೆ ಸೂಚ್ಯಂಕ 23 ದಾಟಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು ಎಂದು 2009ರಲ್ಲಿ ಭಾರತೀಯ ತಜ್ಞರು ನಿಗದಿಪಡಿಸಿದರು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಗೊಳ್ಳಬೇಕು. ಇದನ್ನು ಅಳೆಯಲು ದರ್ಜಿಯ ಟೇಪು ಸಾಕು.

ಚರಕ ಮತ್ತು ಇಬ್ನ್ ಸೀನಾ ಹೇಳಿದ, ಗಾತ್ರ ಹೆಚ್ಚಿದ್ದು ಪುಷ್ಟಿ ಕಡಿಮೆಯಿರುವ ಆಹಾರಕ್ಕೆ ನಾವು ದೂರ ಹೋಗಬೇಕಿಲ್ಲ. ಪುಂಡಿಪಲ್ಯ, ಮೆಂತೆಸೊಪ್ಪು, ಮೂಲಂಗಿ, ಸೌತೆಕಾಯಿ, ಮೊಳಕೆ ಬಂದ ಹೆಸರುಕಾಳು, ಅವುಗಳ ಜೊತೆ ಮಿತವಾಗಿ ಜೋಳದ ರೊಟ್ಟಿ, ಇವೆಲ್ಲ ನಮ್ಮ ತಾಟಿನಲ್ಲಿಯೇ ಇದ್ದವು. ಅವುಗಳ ಜಾಗಕ್ಕೆ ಬಂದದ್ದು ಮಿರ್ಚಿಭಜಿ, ಬೇಕರಿಯ ತಿನಿಸು, ದಿನಕ್ಕೆ ಐದಾರು ಕಪ್ಪು ಸಕ್ಕರೆ ಚಹಾ. ರೋಜಾದ ಹಗಲು ಉಳಿಸಿದ್ದನ್ನು ಇಫ್ತಾರಿನ ಎಣ್ಣೆತಿಂಡಿಯಲ್ಲಿ ಬಡ್ಡಿ ಸಮೇತ ಮರಳಿ ಪಡೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಹಾಗೆಂದು ಬಲೂನು, ಹೊಲಿಗೆ, ಚುಚ್ಚುಮದ್ದು ಬೇಡವೆಂದು ನಾನು ಹೇಳುವುದಿಲ್ಲ. ಮಧುಮೇಹ, ಮೊಣಕಾಲು ನೋವು, ನಿದ್ರೆಯಲ್ಲಿ ಉಸಿರು ಕಟ್ಟುವುದು ಇಂಥ ಕಷ್ಟದಲ್ಲಿರುವವರಿಗೆ ಇವು ವರವೇ ಸರಿ. ಆದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ವೈದ್ಯರ ಮುಂದೆ ಕೂತಾಗ ನಾಲ್ಕು ಪ್ರಶ್ನೆ ಕೇಳಬೇಕು: ಇದು ನನಗೆ ಅವಶ್ಯವೇ? ಅಪಾಯವೇನು? ಚಿಕಿತ್ಸೆ ಮುಗಿದ ಮೇಲೆ ನನ್ನನ್ನು ನೋಡಿಕೊಳ್ಳುವವರು ಯಾರು? ಒಟ್ಟು ಖರ್ಚೆಷ್ಟು? ಇವಕ್ಕೆ ಸಮಾಧಾನದಿಂದ ಉತ್ತರ ಕೊಡುವವರು ವೈದ್ಯರು. ಉತ್ತರ ಕೊಡದೆ ರಿಯಾಯಿತಿ ದರ ಹೇಳುವವರು ವ್ಯಾಪಾರಿಗಳು.

ವಿದ್ಯಾರ್ಥಿ ಮಿತ್ರರೇ, ಚರಿತ್ರೆಯಲ್ಲಿ ತೂಕ ಇಳಿಸುವ ಉಪಾಯಗಳು ನೂರಾರು ಬಂದುಹೋದವು. ವೈದ್ಯನ ಕಣ್ಗಾವಲು ಮತ್ತು ರೋಗಿಯ ತಾಳ್ಮೆ ಕೂಡಿದಲ್ಲಿ ಮಾತ್ರ ಫಲ ಸಿಕ್ಕಿತು, ಅವೆರಡನ್ನು ಬಿಟ್ಟಲ್ಲೆಲ್ಲ ಹಾನಿಯೇ ಆಯಿತು. ನಿಮ್ಮ ತರಗತಿಯಲ್ಲಿ ದಪ್ಪಗಿರುವ ಗೆಳೆಯನನ್ನು, ಗೆಳತಿಯನ್ನು ನೋಡಿ ನಗಬೇಡಿ. ಸಂಜೆ ಆಟಕ್ಕೆ, ನಡಿಗೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ತಾಯಿ, ಅಕ್ಕ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಪದ್ಧತಿಯಿದ್ದರೆ ಅವರೊಂದಿಗೆ ಕೂತು ಉಣ್ಣಿ. ಹೊಟ್ಟೆಯ ಮೂರನೆಯ ಪಾಲನ್ನು ಉಸಿರಿಗೆ ಬಿಡುವ ಪಾಠಕ್ಕೆ ಯಾವ ಆಸ್ಪತ್ರೆಯೂ ಶುಲ್ಕ ಕೇಳುವುದಿಲ್ಲ. ಇಂದಿನ ರಾತ್ರಿಯ ಊಟದಿಂದಲೇ ಅದನ್ನು ಆರಂಭಿಸಬಹುದು.